ಎಟ್ಸಿಯೋ ಶಾಪಿಫೈಯೋ ಅನ್ನೋದು ಮೂರನೇ ಪ್ರಶ್ನೆ: ಅಭಿಮಾನಿ ಸರಕಿನ ಪುಟ್ಟ ಆನ್‌ಲೈನ್ ಅಂಗಡಿ ತೆರೆಯುವವರಿಗೆ

ಸ್ಟಿಕ್ಕರ್‌ಗೆ ಚಿತ್ರ ಬರೆಯುವವರು, ಕ್ರೋಶದಲ್ಲಿ (ಕೊಕ್ಕೆ ಸೂಜಿ, ದಾರದಲ್ಲಿ) ಗೊಂಬೆ ಹೆಣೆಯುವವರು, ರೆಸಿನ್‌ನಲ್ಲಿ ಕೀಚೈನ್ ಮಾಡುವವರು ಅಂಗಡಿ ತೆರೆಯಬೇಕು ಅಂದುಕೊಂಡ ಕೂಡಲೇ ಕೇಳೋದು ಒಂದೇ ಮಾತು. ಕೈಕೆಲಸದ ಆನ್‌ಲೈನ್ ಮಾರುಕಟ್ಟೆ ಎಟ್ಸಿಯಲ್ಲಿ ಹಾಕೋದಾ, ಶಾಪಿಫೈಯಂಥ ಸೇವೆ ಹಿಡಿದು ಸ್ವಂತ ವೆಬ್‌ಸೈಟ್ ಮಾಡೋದಾ, ಇಲ್ಲಾ ಇನ್‌ಸ್ಟಾಗ್ರಾಮ್ ಒಂದೇ ಸಾಕಾ? ನನ್ನ ಲೆಕ್ಕದಲ್ಲಿ ಇದು ಮೂರನೇ ಪ್ರಶ್ನೆ. ಇದಕ್ಕೂ ಮೊದಲು ಎರಡು ಇವೆ. ನೀವು ಮಾರುವ ಪಾತ್ರ, ಹೆಸರು, ಚಿತ್ರ ಯಾರದ್ದು? ವಸ್ತು ತಯಾರಾಗೋದು ಯಾರ ಕೈಯಲ್ಲಿ? ಇವೆರಡಕ್ಕೆ ಉತ್ತರ ಸಿಕ್ಕರೆ ಮೂರನೆಯದರಲ್ಲಿ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಯಾವ ಆಯ್ಕೆಯನ್ನೇ ನೋಡಲಿ, ನಾನು ತೂಗುವುದು ಐದು ವಿಷಯಗಳನ್ನು. ಶುರುವಿನಲ್ಲೇ ಎಷ್ಟು ದುಡ್ಡು ಸಿಕ್ಕಿಕೊಳ್ಳುತ್ತದೆ? ಒಂದು ವಸ್ತು ಮಾರಿದರೆ ಎಲ್ಲ ಕಳೆದು ಕೈಗೆ ಎಷ್ಟು ಉಳಿಯುತ್ತದೆ? ಅದಕ್ಕೆ ನಿಮ್ಮ ಎಷ್ಟು ಗಂಟೆ ಹೋಗುತ್ತದೆ? ಗಿರಾಕಿಯನ್ನು ಕರೆತರುವವರು ಯಾರು, ನೀವಾ ಅಥವಾ ಆ ತಾಣವಾ? ನಾಳೆ ನಿಮ್ಮ ಖಾತೆ ಮುಚ್ಚಿದರೆ ನಿಮ್ಮ ಹತ್ತಿರ ಏನು ಉಳಿಯುತ್ತದೆ? ಕೊನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಅಭಿಮಾನಿ ಸರಕು, ಅಂದರೆ ಸಿನಿಮಾ, ಆಟ, ಕಥೆಗಳ ಅಭಿಮಾನಿಗಳಿಗಾಗಿ ಮಾಡಿದ ವಸ್ತು, ಮಾರುವವರು ಎಲ್ಲರಿಗಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಅದೇ.

ಯಾರ ಪಾತ್ರ, ಯಾರ ಹಕ್ಕು

ಸಿನಿಮಾ, ಆನಿಮೆ (ಜಪಾನಿನ ಕಾರ್ಟೂನ್), ಆಟ, ಕಾದಂಬರಿ, ಯಾವುದರ ಪಾತ್ರವಾದರೂ ಸರಿ, ಅದನ್ನು ನೀವೇ ಕೈಯಾರೆ ಬರೆದಿದ್ದೀರಿ ಅಂದ ಮಾತ್ರಕ್ಕೆ ಮಾರುವ ಹಕ್ಕು ಬರುವುದಿಲ್ಲ. ಪಾತ್ರದ ರೂಪಕ್ಕೆ ಹಕ್ಕುಸ್ವಾಮ್ಯ ಇರುತ್ತದೆ. ಹೆಸರು, ಲೋಗೋ, ತಂಡದ ಚಿಹ್ನೆಗೆ ಟ್ರೇಡ್‌ಮಾರ್ಕ್ ಇರುತ್ತದೆ. ನಟರು, ಹಾಡುಗಾರರು, ಆಟಗಾರರ ಮುಖ ಹಾಕಿ ಮಾರಿದರೆ ಎಷ್ಟೋ ದೇಶಗಳಲ್ಲಿ ಅವರ ವ್ಯಕ್ತಿತ್ವದ ಹಕ್ಕಿನ ಪ್ರಶ್ನೆ ಬರುತ್ತದೆ. 'ಇದು ಅಧಿಕೃತ ಸರಕಲ್ಲ', 'ಇದರಿಂದ ಸ್ಫೂರ್ತಿ ಪಡೆದದ್ದು' ಅಂತ ಕೆಳಗೆ ಒಂದು ಸಾಲು ಬರೆದರೆ ಬಚಾವ್ ಅನ್ನೋ ನಂಬಿಕೆ ಎಲ್ಲೆಡೆ ಇದೆ. ಅದರಿಂದ ರಕ್ಷಣೆ ಸಿಗುವುದಿಲ್ಲ. ಕೆಲವೊಮ್ಮೆ ಆ ಸಾಲಿನಲ್ಲಿರುವ ಬ್ರಾಂಡ್ ಹೆಸರೇ ಹುಡುಕಾಟದಲ್ಲಿ ನಿಮ್ಮನ್ನು ಹಿಡಿದುಕೊಡುತ್ತದೆ.

ಹಾಗಾದರೆ ಇಷ್ಟೊಂದು ಜನ ಮಾರುತ್ತಿದ್ದಾರಲ್ಲ? ಹೌದು, ಮಾರುತ್ತಿದ್ದಾರೆ. ಸಣ್ಣವರ ಹಿಂದೆ ಬೀಳಲು ಎಷ್ಟೋ ಕಂಪನಿಗಳಿಗೆ ಪುರುಸೊತ್ತಿಲ್ಲ. ಆದರೆ ಮಾಲೀಕರು ದೂರು ಕೊಟ್ಟ ದಿನ ತಾಣ ಆ ಸರಕನ್ನು ತೆಗೆಯುತ್ತದೆ. ದೂರು ಮತ್ತೆ ಮತ್ತೆ ಬಂದರೆ ಇಡೀ ಅಂಗಡಿಯೇ ಮುಚ್ಚಬಹುದು. ಆಗ ನಿಮ್ಮ ಸ್ವಂತ ವಿನ್ಯಾಸಗಳು, ವರ್ಷಗಟ್ಟಲೆ ಕೂಡಿಟ್ಟ ಒಳ್ಳೆಯ ಅಭಿಪ್ರಾಯಗಳು, ಎಲ್ಲ ಒಟ್ಟಿಗೇ ಹೋಗುತ್ತವೆ.

ಕಾನೂನಿಗೆ ಸಿಕ್ಕಿಕೊಳ್ಳದ ದಾರಿಗಳೂ ಇವೆ. ಮೊದಲನೆಯದು ಹಕ್ಕುಸ್ವಾಮ್ಯದ ಅವಧಿ ಮುಗಿದ ಪಾತ್ರಗಳು. ಷರ್ಲಾಕ್ ಹೋಮ್ಸ್‌ನ ಎಲ್ಲ ಕಥೆಗಳೂ 2023ರ ಜನವರಿ 1ರಿಂದ ಅಮೆರಿಕದಲ್ಲಿ ಎಲ್ಲರ ಸ್ವತ್ತು. ಮಿಕ್ಕಿ ಮೌಸ್‌ನ 1928ರ ಕಪ್ಪು ಬಿಳುಪು ರೂಪ 2024ರ ಜನವರಿ 1ರಂದು ಆ ಪಟ್ಟಿಗೆ ಸೇರಿತು. ಇಲ್ಲಿ ಎಚ್ಚರ ಬೇಕು. ಮುಕ್ತವಾದದ್ದು ತೀರಾ ಹಳೆಯ ರೂಪಗಳು ಮಾತ್ರ, ಈಚಿನ ರೂಪಗಳಿಗೆ ಹಕ್ಕು ಇನ್ನೂ ಇದೆ. ಡಿಸ್ನಿಯ ಟ್ರೇಡ್‌ಮಾರ್ಕ್ ಕೂಡ ಹಾಗೇ ಇದೆ. ಅವಧಿಯ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಬಹಳ ಕಡೆ ಲೇಖಕರು ತೀರಿಕೊಂಡ ಮೇಲೆ 70 ವರ್ಷ, ಕೆಲವೆಡೆ 60 ಅಥವಾ 50. ಎಲ್ಲಿಗೆ ಕಳಿಸುತ್ತೀರೋ ಆ ದೇಶದ್ದನ್ನೂ ನೋಡಿಕೊಳ್ಳಬೇಕು.

ಎರಡನೆಯದು ಅನುಮತಿ. ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಹೋಯೋವರ್ಸ್‌ನಂಥ ಕೆಲವು ಕಂಪನಿಗಳು ಅಭಿಮಾನಿಗಳು ಸಣ್ಣ ಪ್ರಮಾಣದಲ್ಲಿ ಸರಕು ಮಾಡಿ ಮಾರುವುದಕ್ಕೆ ನಿಯಮಗಳನ್ನೇ ಬರೆದು ಪ್ರಕಟಿಸಿವೆ. ಇಂಥ ನಿಯಮಗಳಲ್ಲಿ ಎಷ್ಟು ಮಾಡಬಹುದು, ಅಧಿಕೃತ ಲೋಗೋ ಬಳಸಬಹುದಾ, ಮೂಲ ಚಿತ್ರವನ್ನೇ ಎತ್ತಿ ಹಾಕಬಹುದಾ ಅನ್ನೋದನ್ನು ನೋಡಿ. ನಿಯಮ ಬದಲಾಗುತ್ತಿರುತ್ತದೆ, ಹಾಗಾಗಿ ಓದಿದ ದಿನದ ಪ್ರತಿಯನ್ನು ಉಳಿಸಿಟ್ಟುಕೊಳ್ಳಿ. ನಿಮ್ಮ ಚಿತ್ರವನ್ನು ವಸ್ತುಗಳ ಮೇಲೆ ಮುದ್ರಿಸಿ ಮಾರುವ ರೆಡ್‌ಬಬಲ್ ಮತ್ತು ಟೀಪಬ್ಲಿಕ್ ತಾಣಗಳಲ್ಲಿ ಅಭಿಮಾನಿ ಚಿತ್ರಗಳಿಗೆಂದೇ ಒಪ್ಪಂದದ ಕಾರ್ಯಕ್ರಮಗಳಿವೆ. ಕೆಲವು ಹಕ್ಕುದಾರರ ಪಾತ್ರಗಳನ್ನು ಬರೆದು ಒಪ್ಪಿಗೆಗೆ ಕಳಿಸಬಹುದು. ಒಪ್ಪಿದರೆ ಮಾರಾಟವಾದಾಗ ಅವರಿಗೂ ಪಾಲು, ನಿಮಗೂ ಪಾಲು. ಈ ಚಿತ್ರವನ್ನು ಆಮೇಲೆ ಬೇರೆ ತಾಣದಲ್ಲಿ ಮಾರುವಂತಿಲ್ಲ ಅನ್ನೋದನ್ನು ಮರೆಯಬೇಡಿ.

ಮೂರನೆಯದು ನನಗೆ ಇಷ್ಟವಾದದ್ದು. ಪಾತ್ರವನ್ನು ಬಿಟ್ಟು ಅಭಿಮಾನದ ಬದುಕನ್ನೇ ಹಿಡಿಯುವುದು. ರಾತ್ರಿಯಿಡೀ ಓದುವವರ ಬುಕ್‌ಮಾರ್ಕ್, ಪಗಡೆ ಎಸೆದು ಆಡುವವರ ದಾಳದ ಚೀಲ, ಕಾಸ್‌ಪ್ಲೇ ಮಾಡುವವರ, ಅಂದರೆ ಪಾತ್ರಗಳ ವೇಷ ಹಾಕುವವರ ಹೊಲಿಗೆ ಡಬ್ಬಿ, ಕಾರ್ಯಕ್ರಮಗಳಲ್ಲಿ ಕೊಂಡ ಪಿನ್‌ಗಳನ್ನು ಸಿಕ್ಕಿಸುವ ಬಟ್ಟೆಯ ಪಟ್ಟಿ. ಇದರಲ್ಲಿ ಯಾರ ಹಕ್ಕೂ ಇಲ್ಲ, ಕೊಳ್ಳುವವರು ಮಾತ್ರ ಅದೇ ಅಭಿಮಾನಿಗಳು. ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ ಅನ್ನೋ ಕೊರತೆ ಇದೆ, ನಿಜ. ಆದರೆ ಐದು ವರ್ಷ ನಡೆಯಬೇಕಾದ ಅಂಗಡಿಗೆ ಇದರಷ್ಟು ಗಟ್ಟಿ ನೆಲ ಬೇರೆ ಇಲ್ಲ.

ಕೈಯಲ್ಲಿ ಮಾಡೋದಾ, ಮುದ್ರಿಸೋದಾ, ಮಾಡಿಸೋದಾ

ಇಲ್ಲಿ ಮೂರು ದಾರಿ ಇವೆ. ನೀವೇ ಕೈಯಲ್ಲಿ ಮಾಡುವುದು. ಆರ್ಡರ್ ಬಂದ ಮೇಲೆ ಬೇರೊಬ್ಬರು ಮುದ್ರಿಸಿ ಕಳಿಸುವ ಪ್ರಿಂಟ್ ಆನ್ ಡಿಮಾಂಡ್. ಕಾರ್ಖಾನೆಯಲ್ಲಿ ಐವತ್ತೋ ನೂರೋ ಒಟ್ಟಿಗೆ ಮಾಡಿಸಿ ಇಟ್ಟುಕೊಳ್ಳುವುದು.

ಕೈಕೆಲಸಕ್ಕೆ ಬಂಡವಾಳ ಕಡಿಮೆ. ದಾರ, ಜೇಡಿ, ಬಟ್ಟೆ ಬೇಕಾದಷ್ಟೇ ತರಬಹುದು. ಸಮಸ್ಯೆ ಗಂಟೆಗಳದ್ದು. ಒಂದು ಕ್ರೋಶ ಗೊಂಬೆಗೆ ಆರು ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ. ನಿಮ್ಮ ಒಂದು ಗಂಟೆಗೆ ನೀವೇ ಒಂದು ಕೂಲಿ ಹಾಕಿ, ಆರರಿಂದ ಗುಣಿಸಿ, ಸಾಮಾನಿನ ಖರ್ಚು ಸೇರಿಸಿ. ಬರುವ ಮೊತ್ತ ನೋಡಿ ಬಹಳ ಜನ ಹೆದರಿ ಬೆಲೆ ಅರ್ಧ ಮಾಡಿಬಿಡುತ್ತಾರೆ. ಹಾಗೆ ಮಾಡುವ ಬದಲು ವಸ್ತುವನ್ನು ಬದಲಿಸಿ. ಗೊಂಬೆಯ ಬದಲು ಅದೇ ಗೊಂಬೆಯ ತಲೆಯಷ್ಟೇ ಇರುವ ಕೀಚೈನ್ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಅಂದಹಾಗೆ, ಅಗ್ಗಕ್ಕೆ ಸಿಗುವ ಕ್ರೋಶ ಗೊಂಬೆ ನೋಡಿ ಅದಕ್ಕೆ ಪೈಪೋಟಿ ಕೊಡಲು ಹೋಗಬೇಡಿ. ಕ್ರೋಶವನ್ನು ಯಂತ್ರದಲ್ಲಿ ಹೆಣೆಯುವುದಿಲ್ಲ. ಆ ಬೆಲೆಗೂ ಎಲ್ಲೋ ಒಬ್ಬರು ಕೈಯಲ್ಲೇ ಹೆಣೆದಿದ್ದಾರೆ, ಅವರಿಗೆ ಸಿಕ್ಕಿದ್ದೆಷ್ಟು ಅಂತ ನೀವೇ ಊಹಿಸಿ. ಬೇರೆಯವರ ಮಾದರಿ ಕೊಂಡು ಹೆಣೆಯುವುದಾದರೆ ಮಾಡಿದ ಗೊಂಬೆಯನ್ನು ಮಾರಲು ಅವರು ಒಪ್ಪುತ್ತಾರಾ ಅನ್ನೋದನ್ನೂ ಮೊದಲೇ ಓದಿಕೊಳ್ಳಿ.

ಗೊಂಬೆ ಮಾಡುವವರಿಗೆ ಇನ್ನೊಂದು ತೊಡಕಿದೆ. ಅದು ಆಟಿಕೆ ಅನ್ನಿಸಿಕೊಳ್ಳುತ್ತದೆ. ಅಮೆರಿಕದಲ್ಲಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ವಸ್ತುಗಳಿಗೆ 2008ರ ಕಾನೂನಿನ ಪ್ರಕಾರ ಸುರಕ್ಷತೆಯ ನಿಯಮಗಳಿವೆ. ಯುರೋಪಿನಲ್ಲಿ ಆಟಿಕೆಗೆ ಅಲ್ಲಿನ ಸುರಕ್ಷತೆಯ ನಿಯಮ ಪಾಲಿಸಿದೆ ಅಂತ ತೋರಿಸುವ ಸಿಇ ಗುರುತು ಬೇಕು. ನೋಡಿದರೆ ಮಕ್ಕಳ ಗೊಂಬೆಯಂತೆ ಇದ್ದು 'ಸಂಗ್ರಹಕ್ಕೆ ಮಾತ್ರ' ಅಂತ ಚೀಟಿ ಅಂಟಿಸಿದರೆ ಸಾಲದು. ಜೊತೆಗೆ 2024ರ ಡಿಸೆಂಬರ್ 13ರಿಂದ ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹೊಸ ಸರಕು ಮಾರುವವರು ಅಲ್ಲಿ ಒಬ್ಬ ಜವಾಬ್ದಾರ ಪ್ರತಿನಿಧಿಯನ್ನು ತೋರಿಸಬೇಕು. ಒಬ್ಬರೇ ನಡೆಸುವ ಅಂಗಡಿಗೆ ಇದು ಭಾರ. ಶುರುವಿನಲ್ಲಿ ಯಾವ ದೇಶಕ್ಕೆ ಕಳಿಸುವುದಿಲ್ಲ ಅಂತ ನಿರ್ಧರಿಸುವುದೂ ಒಂದು ಆಯ್ಕೆ.

ಪ್ರಿಂಟ್ ಆನ್ ಡಿಮಾಂಡ್ ಇದಕ್ಕೆ ತದ್ವಿರುದ್ಧ. ಬಂಡವಾಳ ಇಲ್ಲವೇ ಇಲ್ಲ ಅನ್ನಬಹುದು, ಮನೆಯಲ್ಲಿ ಡಬ್ಬಿಗಳ ರಾಶಿ ಇಲ್ಲ, ಪಾರ್ಸೆಲ್ ಕಟ್ಟುವ ಕೆಲಸ ಇಲ್ಲ. ಇದರಲ್ಲೂ ಎರಡು ಬಗೆ. ರೆಡ್‌ಬಬಲ್, ಟೀಪಬ್ಲಿಕ್ ತಾವೇ ಅಂಗಡಿ, ತಾವೇ ಮುದ್ರಕರು. ನೀವು ಚಿತ್ರ ಏರಿಸಿದರೆ ಮುಗಿಯಿತು. ಪ್ರಿಂಟ್‌ಫುಲ್, ಪ್ರಿಂಟಿಫೈ ಹಾಗಲ್ಲ. ಅವರು ಹಿಂದೆ ನಿಂತು ಮುದ್ರಿಸಿ ಕಳಿಸುತ್ತಾರೆ, ಅಂಗಡಿ, ಬೆಲೆ, ಗಿರಾಕಿ ನಿಮ್ಮದು. ಮೊದಲ ಬಗೆಯಲ್ಲಿ ಕೆಲಸ ಕಡಿಮೆ, ಕೈಗೆ ಸಿಗುವುದೂ ಕಡಿಮೆ. ರೆಡ್‌ಬಬಲ್ 2023ರಿಂದ ಖಾತೆಯ ದರ್ಜೆ ನೋಡಿ ಗಳಿಕೆಯಲ್ಲಿ ಶುಲ್ಕವನ್ನೂ ಕಡಿಯುತ್ತದೆ. ಎರಡನೆಯದರಲ್ಲಿ ಬೆಲೆ ನಿಮ್ಮ ಕೈಯಲ್ಲಿದೆ, ಆದರೆ ಟೀ ಶರ್ಟ್‌ನ ಮೂಲ ಬೆಲೆಯೇ ಜಾಸ್ತಿ ಇರುವುದರಿಂದ ಲಾಭದ ಪದರ ತೆಳುವೇ.

ಇದರಲ್ಲಿ ನನಗೆ ಸರಿ ಕಾಣದ ಒಂದು ಅಭ್ಯಾಸ ಇದೆ. ವಸ್ತುವನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದೆ ಮಾರುವುದು. ತೆರೆಯ ಮೇಲೆ ಹೊಳೆಯುವ ನೀಲಿ, ಹಸಿರು ಬಟ್ಟೆಯ ಮೇಲೆ ಮಂಕಾಗುತ್ತವೆ. ತೆರೆ ಬೆಳಕಿನ ಬಣ್ಣ ತೋರಿಸುತ್ತದೆ, ಮುದ್ರಣ ಶಾಯಿಯದ್ದು. ಒಂದೊಂದು ಮಾದರಿ ತರಿಸಿ, ಬಟ್ಟೆಯಾದರೆ ಒಗೆದು ನೋಡಿ, ಆ ಫೋಟೋವನ್ನೇ ಅಂಗಡಿಗೆ ಹಾಕಿ. ಚಿತ್ರವನ್ನು ಮುದ್ರಿಸುವ ಅತಿ ದೊಡ್ಡ ಅಳತೆಯಲ್ಲಿ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಇಟ್ಟು ಬರೆದರೆ ಆಮೇಲೆ ಅದೇ ಕಡತವನ್ನು ಸ್ಟಿಕ್ಕರ್‌ಗೂ ಪೋಸ್ಟರ್‌ಗೂ ಬಳಸಬಹುದು.

ಮೂರನೆಯದು ಒಟ್ಟಿಗೆ ಮಾಡಿಸುವುದು. ಎನಾಮಲ್ ಪಿನ್ (ಬಣ್ಣ ತುಂಬಿದ ಲೋಹದ ಬ್ಯಾಡ್ಜ್), ಅಕ್ರಿಲಿಕ್ ಕೀಚೈನ್, ವಾಶಿ ಟೇಪ್ (ಅಲಂಕಾರದ ಕಾಗದದ ಅಂಟುಪಟ್ಟಿ), ಇವುಗಳಿಗೆ ಇದೇ ದಾರಿ. ಪಿನ್‌ಗೆ ಅಚ್ಚು ಮಾಡಬೇಕಾದ್ದರಿಂದ ಕನಿಷ್ಠ 50 ಅಥವಾ 100 ಅಂತ ಕೇಳುವುದು ಸಾಮಾನ್ಯ. ಸ್ಟಿಕ್ಕರ್, ಅಕ್ರಿಲಿಕ್‌ಗೆ ಇನ್ನೂ ಕಡಿಮೆಗೆ ಒಪ್ಪುತ್ತಾರೆ. ಮೂರು ದಾರಿಗಳಲ್ಲಿ ಒಂದೊಂದು ವಸ್ತುವಿನ ಮೇಲೆ ಜಾಸ್ತಿ ಉಳಿಯುವುದು ಇಲ್ಲೇ, ಜಾಸ್ತಿ ದುಡ್ಡು ಸಿಕ್ಕಿಕೊಳ್ಳುವುದೂ ಇಲ್ಲೇ. ನೂರು ಪಿನ್ ಮಾಡಿಸಿ ಮೂವತ್ತು ಮಾರಿದರೆ ಲೆಕ್ಕದಲ್ಲಿ ಲಾಭ ಕಾಣಬಹುದು, ದುಡ್ಡು ಮಾತ್ರ ಡಬ್ಬಿಯಲ್ಲಿ ಮಲಗಿರುತ್ತದೆ. ಅಭಿಮಾನಿ ಸರಕಿಗೆ ಇನ್ನೊಂದು ಅಪಾಯ. ಈ ಸೀಸನ್‌ನಲ್ಲಿ ಎಲ್ಲರ ಬಾಯಲ್ಲಿರುವ ಪಾತ್ರ ಮುಂದಿನ ಸೀಸನ್‌ಗೆ ಯಾರಿಗೂ ಬೇಡ.

ಅದಕ್ಕೆ ಮುಂಗಡ ಆರ್ಡರ್ ಇದೆ. ವಿನ್ಯಾಸ ತೋರಿಸಿ, ಎರಡು ಮೂರು ವಾರ ದುಡ್ಡು ಪಡೆದು, ಬಂದಷ್ಟಕ್ಕೆ ಸ್ವಲ್ಪ ಸೇರಿಸಿ ಮಾಡಿಸುವುದು. ಜನರಿಂದ ಮುಂಗಡ ಹಣ ಕೂಡಿಸುವ ತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟಿದರೆ ಮಾತ್ರ ಹಣ ಕೈಸೇರುತ್ತದೆ. ಆಗ ಅವರ ಪಾಲು ಶೇ 5, ಪಾವತಿ ಶುಲ್ಕ ಬೇರೆ. ಗುರಿ ಮುಟ್ಟದಿದ್ದರೆ ಯಾರಿಗೂ ಖರ್ಚಿಲ್ಲ. ಆದರೆ ಜನ ನಿಮ್ಮನ್ನು ಮೊದಲೇ ನಂಬಿರಬೇಕು. ಹಿಂಬಾಲಕರೇ ಇಲ್ಲದ ಹೊಸಬರಿಗೆ ಮುಂಗಡ ಕೊಡುವವರು ಯಾರು? ಕಂಪನಿಗಳ ಅಭಿಮಾನಿ ನಿಯಮಗಳು ಇಂಥ ಹಣ ಸಂಗ್ರಹಕ್ಕೆ ಒಪ್ಪುತ್ತವಾ ಅನ್ನೋದನ್ನೂ ನೋಡಿಕೊಳ್ಳಿ.

ಈಗ ಆ ಮೂರನೇ ಪ್ರಶ್ನೆ

ಎಟ್ಸಿಯಂಥ ಮಾರುಕಟ್ಟೆ ದೊಡ್ಡ ಸಂತೆ. ಜನ ಆಗಲೇ ಬಂದಿರುತ್ತಾರೆ, ಪಕ್ಕದಲ್ಲೇ ಅದೇ ಮಾಲು ಹರಡಿಕೊಂಡವರೂ ಇರುತ್ತಾರೆ. ಎಟ್ಸಿ 2005ರಲ್ಲಿ ಕೈಕೆಲಸದವರಿಗಾಗಿ ಶುರುವಾದದ್ದು. ಒಂದು ವಸ್ತು ಪಟ್ಟಿಗೆ ಹಾಕಲು 20 ಅಮೆರಿಕನ್ ಸೆಂಟ್, ಅದು ನಾಲ್ಕು ತಿಂಗಳು ಇರುತ್ತದೆ. ಮಾರಾಟವಾದರೆ ಶೇ 6.5 ಕಮಿಷನ್. 2022ರ ಏಪ್ರಿಲ್‌ವರೆಗೆ ಅದು ಶೇ 5 ಇತ್ತು. ಪಾವತಿ ಶುಲ್ಕ ಬೇರೆ, ದೇಶಕ್ಕೊಂದು ದರ.

ಎಲ್ಲರೂ ಎಡವುವುದು ಎಲ್ಲಿ ಅಂದರೆ, ಆ ಶೇ 6.5 ಗಿರಾಕಿ ಕೊಟ್ಟ ಅಂಚೆ ಖರ್ಚಿನ ಮೇಲೂ ಬೀಳುತ್ತದೆ. ವಸ್ತುವಿನ ಬೆಲೆ 100, ಅಂಚೆಗೆ 20 ಅಂದುಕೊಳ್ಳಿ, ಯಾವ ನಾಣ್ಯವಾದರೂ ಸರಿ. 120ರ ಮೇಲೆ ಕಮಿಷನ್ 7.8, ಪಾವತಿ ಶುಲ್ಕ ಸುಮಾರು 4. ಅಂಚೆಗೆ 20 ಕೊಟ್ಟ ಮೇಲೆ ಉಳಿಯುವುದು ಸುಮಾರು 88. ಅದೇ ಗಿರಾಕಿ ಎಟ್ಸಿ ಹೊರಗಡೆ ಹಾಕಿದ ಜಾಹೀರಾತು ಒತ್ತಿ ಬಂದಿದ್ದರೆ ಇನ್ನೂ ಶೇ 15, ಅಂದರೆ 18 ಹೋಗುತ್ತದೆ. ಕೈಗೆ 70. ವರ್ಷಕ್ಕೆ 10,000 ಡಾಲರ್‌ಗಿಂತ ಕಡಿಮೆ ಮಾರುವ ಅಂಗಡಿಗಳು ಈ ಜಾಹೀರಾತನ್ನು ಬೇಡ ಅನ್ನಬಹುದು. ಅದನ್ನು ದಾಟಿದವರಿಗೆ ದರ ಶೇ 12, ಬೇಡ ಅನ್ನೋ ಅವಕಾಶ ಇಲ್ಲ. ಕೈಕೆಲಸದ ಲಾಭ ತೆಳುವಾಗಿದ್ದರೆ ಅಂಗಡಿ ತೆರೆದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಮುಚ್ಚಿಬಿಡಿ ಅಂತ ನಾನು ಹೇಳುತ್ತೇನೆ. ಅಮೆಜಾನ್ ಹ್ಯಾಂಡ್‌ಮೇಡ್ ಕೂಡ ಇದೆ. ಅಲ್ಲಿ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು, ಕಮಿಷನ್ ಶೇ 15. ಗಿರಾಕಿಗಳು ಅಮೆಜಾನ್‌ನ ವೇಗವನ್ನೇ ಕೈಕೆಲಸದಿಂದಲೂ ಬಯಸುತ್ತಾರೆ. ಆರ್ಡರ್ ಬಂದ ಮೇಲೆ ಹೆಣೆಯಲು ಕೂರುವವರಿಗೆ ಅದು ಹೊಂದುವುದಿಲ್ಲ. ಆನಿಮೆ ಶೈಲಿಯ ಚಿತ್ರ ಬರೆಯುವವರು ಜಪಾನಿನ ಪಿಕ್ಸಿವ್ ನಡೆಸುವ ಬೂತ್ ತಾಣವನ್ನೂ ಒಮ್ಮೆ ನೋಡಬಹುದು.

ಸ್ವಂತ ಅಂಗಡಿಯಲ್ಲಿ ಬಾಡಿಗೆ ತಿಂಗಳಿಗಿಷ್ಟು ಅಂತ ನಿಂತಿರುತ್ತದೆ, ಮಾರಾಟ ಆಗಲಿ ಬಿಡಲಿ. ಶಾಪಿಫೈ ಸಲೀಸು, ತಾಂತ್ರಿಕ ತಲೆನೋವು ಕಡಿಮೆ. ಆದರೆ ಅವರದ್ದಲ್ಲದ ಪೇಮೆಂಟ್ ಗೇಟ್‌ವೇ (ಗಿರಾಕಿಯಿಂದ ದುಡ್ಡು ಪಡೆಯುವ ವ್ಯವಸ್ಥೆ) ಬಳಸಿದರೆ ಪ್ರತಿ ಮಾರಾಟಕ್ಕೂ ಇನ್ನಷ್ಟು ಕಡಿತ. ಅವರ ಸ್ವಂತ ಪಾವತಿ ವ್ಯವಸ್ಥೆ ಎಲ್ಲ ದೇಶದಲ್ಲೂ ಇಲ್ಲ, ಮೊದಲು ಅದನ್ನು ನೋಡಿ. ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಮೇಲೆ ನಡೆಯುವ ಅಂಗಡಿ ತಂತ್ರಾಂಶ ವೂಕಾಮರ್ಸ್ ಉಚಿತ. ಹೋಸ್ಟಿಂಗ್ (ಸೈಟ್ ಇಡುವ ಜಾಗ), ಡೊಮೇನ್ (ಸೈಟ್‌ನ ವಿಳಾಸ) ಎರಡಕ್ಕೂ ಖರ್ಚು ಇದೆ, ಅಪ್‌ಡೇಟ್, ಬ್ಯಾಕಪ್ ಎಲ್ಲ ನಿಮ್ಮ ತಲೆಗೆ. ಐದೇ ವಸ್ತು ಇದ್ದರೆ ಬಿಗ್ ಕಾರ್ಟೆಲ್ ಅನ್ನೋ ಸೇವೆಯಲ್ಲಿ ಉಚಿತವಾಗಿಯೇ ಅಂಗಡಿ ಇಡಬಹುದು. ಮೊದಲ ಸ್ವಂತ ಅಂಗಡಿಗೆ ಅದು ಸಾಕು ಅನ್ನೋದು ನನ್ನ ಅನಿಸಿಕೆ.

ಯಾವಾಗ ಬಾಡಿಗೆ ಕೊಡೋದು ಲಾಭ? ಲೆಕ್ಕ ಸುಲಭ. ಪಾವತಿ ಶುಲ್ಕ ಎರಡೂ ಕಡೆ ಇದೆ, ಅದನ್ನು ಬಿಡಿ. ಮಾರುಕಟ್ಟೆ ಒಂದು ಮಾರಾಟಕ್ಕೆ 7.8 ತೆಗೆಯುತ್ತದೆ, ಸ್ವಂತ ಅಂಗಡಿಯ ಬಾಡಿಗೆ ತಿಂಗಳಿಗೆ 300 ಅಂದುಕೊಳ್ಳಿ, ಅಂದರೆ ನಿಮ್ಮ ಮೂರು ವಸ್ತುಗಳ ಬೆಲೆ. 300ನ್ನು 7.8ರಿಂದ ಭಾಗಿಸಿದರೆ 38 ಚಿಲ್ಲರೆ. ತಿಂಗಳಿಗೆ 39 ಮಾರಾಟ ಆಗುವವರೆಗೆ ಸಂತೆಯೇ ಅಗ್ಗ. ಆಮೇಲೆ ಸ್ವಂತ ಅಂಗಡಿ ಲಾಭ, ಅದೂ ಆ 39 ಜನರನ್ನು ನೀವು ಜಾಹೀರಾತಿಗೆ ಖರ್ಚಿಲ್ಲದೆ ಕರೆತಂದರೆ. ನಿಮ್ಮ ಅಂಕಿಗಳನ್ನು ಹಾಕಿ ಇದನ್ನೊಮ್ಮೆ ಮಾಡಿ ನೋಡಿ, ಎಷ್ಟೋ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಮೂಲಕ ಮಾರುವುದಕ್ಕೆ ಕಮಿಷನ್ ಇಲ್ಲ. ಮಾತು, ವಿಳಾಸ, ದುಡ್ಡು ಬಂತಾ ಅನ್ನೋ ವಿಚಾರಣೆ, ಎಲ್ಲ ಕೈಯಲ್ಲೇ. ವಾರಕ್ಕೆ ಐದು ಆರ್ಡರ್‌ವರೆಗೆ ಚೆನ್ನಾಗಿರುತ್ತದೆ, ಆಮೇಲೆ ದಿನವಿಡೀ ಫೋನ್ ಹಿಡಿದು ಕೂರಬೇಕು. ಹೆಸರು ಹಾಕಿ ಕೊಡುವ, ಬಣ್ಣ ಕೇಳಿ ಮಾಡುವ ಕೆಲಸಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಯಾಕೆಂದರೆ ಅಲ್ಲಿ ಮಾತುಕತೆಯೇ ಕೆಲಸದ ಭಾಗ.

ಅಂಚೆಯ ಮಾತು ಚಿಕ್ಕದಾಗಿ. ಸ್ಟಿಕ್ಕರ್, ಪ್ರಿಂಟ್, ಪಿನ್ ಹಗುರ. ಮಗ್ ಭಾರ, ಒಡೆಯುತ್ತದೆ. ಗಡಿ ದಾಟಿಸುವುದು ಈಚೆಗೆ ದುಬಾರಿಯಾಗಿದೆ. ಯುರೋಪಿಯನ್ ಒಕ್ಕೂಟ 2021ರ ಜುಲೈ 1ರಿಂದ 22 ಯೂರೋ ಒಳಗಿನ ಪಾರ್ಸೆಲ್‌ಗಿದ್ದ ವ್ಯಾಟ್ (ಮಾರಾಟದ ಮೇಲಿನ ತೆರಿಗೆ) ವಿನಾಯಿತಿ ತೆಗೆಯಿತು. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್ ಒಳಗಿನ ಸರಕಿಗಿದ್ದ ಸುಂಕ ವಿನಾಯಿತಿ ನಿಲ್ಲಿಸಿತು. ಪ್ರಿಂಟ್ ಆನ್ ಡಿಮಾಂಡ್‌ನ ದೊಡ್ಡ ಅನುಕೂಲ ಕಾಣುವುದು ಇಲ್ಲೇ. ಪ್ರಿಂಟ್‌ಫುಲ್, ಪ್ರಿಂಟಿಫೈಗಳಿಗೆ ಬೇರೆ ಬೇರೆ ದೇಶಗಳಲ್ಲಿ ಮುದ್ರಣ ಕೇಂದ್ರಗಳಿವೆ. ಗಿರಾಕಿಯ ಹತ್ತಿರವೇ ಮುದ್ರಣವಾದರೆ ಗಡಿಯ ಪ್ರಶ್ನೆಯೇ ಬರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ದುಡ್ಡಿಲ್ಲ, ಚಿತ್ರ ಚೆನ್ನಾಗಿ ಬರೆಯುತ್ತೀರಿ, ಜನಕ್ಕೆ ಯಾವುದು ಹಿಡಿಸುತ್ತದೆ ಅಂತ ಗೊತ್ತಿಲ್ಲ. ಹಾಗಿದ್ದರೆ ರೆಡ್‌ಬಬಲ್ ಬಗೆಯ ತಾಣದಲ್ಲಿ ಇಪ್ಪತ್ತು ಚಿತ್ರ ಹಾಕಿ ಕಾಯಿರಿ. ಗಳಿಕೆ ಅಲ್ಪ, ಆದರೆ ಯಾವ ಚಿತ್ರ ಮಾರುತ್ತದೆ ಅನ್ನೋದು ಪುಕ್ಕಟೆ ತಿಳಿಯುತ್ತದೆ. ಒಂದೇ ಚಿತ್ರ ಮತ್ತೆ ಮತ್ತೆ ಮಾರಿದರೆ ಅದನ್ನು ಸ್ಟಿಕ್ಕರ್ ಆಗಿ ಒಟ್ಟಿಗೆ ಮಾಡಿಸಿ. ಪರರ ಪಾತ್ರವನ್ನೇ ಬರೆಯಬೇಕು ಅನ್ನುವವರಿಗೂ ಅಲ್ಲಿನ ಒಪ್ಪಂದದ ಕಾರ್ಯಕ್ರಮವೇ ಸರಿ, ಪಾಲು ಸಣ್ಣದಾದರೂ.

ಕೈಕೆಲಸ ಗೊತ್ತಿದ್ದು ವಾರಕ್ಕೆ ಕೆಲವೇ ಗಂಟೆ ಬಿಡುವಿದ್ದರೆ ಎಟ್ಸಿ. ಮಾಡಿ ಮುಗಿಸಿದ್ದನ್ನು ಮಾತ್ರ ಪಟ್ಟಿಗೆ ಹಾಕಿ, ಒಂದೇ ಬಗೆಯ ನಾಲ್ಕೈದು ವಸ್ತು ಇಟ್ಟುಕೊಳ್ಳಿ. ಬೆಲೆ ಕಟ್ಟುವಾಗ ಮೇಲಿನ 88ರ ಲೆಕ್ಕದಿಂದ ಹಿಂದಕ್ಕೆ ಬನ್ನಿ.

ಆಗಲೇ ನಿಮ್ಮ ಚಿತ್ರಗಳಿಗೆ ಕಾಯುವ ಸಾವಿರಾರು ಹಿಂಬಾಲಕರಿದ್ದರೆ ಸಂತೆಗೆ ಕಮಿಷನ್ ಕೊಡುವುದು ಸುಮ್ನೆ ದಂಡ. ಚಿಕ್ಕ ಸ್ವಂತ ಅಂಗಡಿ, ಮುಂಗಡ ಆರ್ಡರ್, ಒಟ್ಟಿಗೆ ಮಾಡಿಸಿದ ಪಿನ್ ಅಥವಾ ಅಕ್ರಿಲಿಕ್. ಕೈಯಲ್ಲಿ ಸ್ವಲ್ಪ ದುಡ್ಡಿದ್ದೂ ಹಿಂಬಾಲಕರಿಲ್ಲದವರು ಮಾತ್ರ ಈ ದಾರಿಗೆ ಆತುರ ಬೀಳಬೇಡಿ. ಆ ದುಡ್ಡನ್ನು ಮಾದರಿ ತರಿಸಲು, ಒಳ್ಳೆಯ ಫೋಟೋ ತೆಗೆಯಲು ಖರ್ಚು ಮಾಡಿ.

ಸಂತೆಯಿಂದ ಸ್ವಂತ ಅಂಗಡಿಗೆ ಹೋಗುವ ಹೊತ್ತು ಯಾವುದು ಅಂದರೆ, ಕೊಂಡವರೇ ಮತ್ತೆ ಬಂದು ನಿಮ್ಮ ಅಂಗಡಿಯ ಹೆಸರು ಹಾಕಿ ಹುಡುಕತೊಡಗಿದಾಗ. ಎಟ್ಸಿಯಲ್ಲಿ ಸಿಕ್ಕ ಗಿರಾಕಿಗಳ ಇಮೇಲ್‌ಗೆ ಅವರ ಒಪ್ಪಿಗೆ ಇಲ್ಲದೆ ಪ್ರಚಾರ ಕಳಿಸುವಂತಿಲ್ಲ. ಅಲ್ಲಿ ಶುರುವಾದ ಆರ್ಡರನ್ನು ಹೊರಗೆ ಎಳೆದು ಕಮಿಷನ್ ತಪ್ಪಿಸುವುದಕ್ಕೂ ಅವಕಾಶ ಇಲ್ಲ. ಹಾಗಾಗಿ ಅವರಿಗೆ ನೆನಪಿರಬೇಕಾದದ್ದು ನಿಮ್ಮ ಹೆಸರು. ಅದಕ್ಕೇ ಹೆಸರನ್ನು ಮೊದಲ ದಿನವೇ ಸರಿಯಾಗಿ ಇಡಿ. ಅದರಲ್ಲಿ ಯಾವ ಪಾತ್ರದ, ಆಟದ, ತಂಡದ ಹೆಸರೂ ಬೇಡ. ಡೊಮೇನ್, ಇನ್‌ಸ್ಟಾಗ್ರಾಮ್, ಎಟ್ಸಿ ಮೂರರಲ್ಲೂ ಅದೇ ಹೆಸರು ಸಿಗುತ್ತದಾ ನೋಡಿ, ಸಿಕ್ಕರೆ ಮೂರನ್ನೂ ಒಂದೇ ದಿನ ತೆಗೆದಿಟ್ಟುಕೊಳ್ಳಿ.